ತಳದ ರೊಚ್ಚು

"ಲೇ ಸೂಳೆಮಗನೆ, ಯಾರನ್ನ ಕೇಳಿ ಮೇಲಕ್ ಬಂದೆ? ಇಳಿಯೋ ಕೆಳಕ್ಕೆ!"

ಮೇಸ್ತ್ರಿ ಕೂಗಿದ್ದು ಎಲ್ಲರೂ ಕಪ್ಪೆ ಅಂತ ಕರೆಯುವ ಆಳಿಗೆ. ಅವನು ಅಡಿಪಾಯದ ಪೈಲು ಗುಂಡಿಯ ಬಾಯಿಗೆ ಮೊಣಕೈ ಊರಿ, ಅರ್ಧ ಮೈ ಹೊರಗೆ ಅರ್ಧ ಮೈ ಒಳಗೆ ಇಟ್ಟುಕೊಂಡು ವಾಂತಿ ಮಾಡುತ್ತಿದ್ದ. ತಲೆಯಿಂದ ಕಂದು ನೀರು ಇಳಿದು ಹುಬ್ಬಿನಲ್ಲಿ ತೊಟ್ಟಿಕ್ಕುತ್ತಿತ್ತು. ಅವನ ಹೆಂಡತಿ ಬುಟ್ಟಿ ಎಸೆದು ಓಡಿಬಂದು ಸೆರಗಿನಿಂದ ಮುಖ ಒರೆಸಿದಳು.

"ಮಣ್ಣಲ್ಲ ಕಣೇ ಇದು," ಎಂದು ಕಪ್ಪೆ ಉಗುಳಿದ. "ಹೇಲು. ಬಾಯೊಳಗೇ ಬಿತ್ತು."

ಮಾಲೀಕನ ಹಳೇ ಮನೆಯ ಪಕ್ಕದ ಜಾಗದಲ್ಲೇ ಹೊಸ ಮನೆ ಏಳುತ್ತಿತ್ತು. ನೆಲದಡಿಗೊಂದು ಅಂತಸ್ತು, ಅಲ್ಲಿ ಕಾರು ನಿಲ್ಲಬೇಕು, ಸಿನಿಮಾ ನೋಡೋಕೊಂದು ಕೋಣೆ ಆಗಬೇಕು. ತುಂಬಿಸಿದ ಮಣ್ಣಿನ ಸಡಿಲ ನೆಲ. ಹಾಗಾಗಿ ಸುತ್ತಲೂ ಆಳವಾದ ಗುಂಡಿ ಕೊರೆದು, ಕಬ್ಬಿಣದ ಕೊಳವೆ ಇಳಿಸಿ, ಕಂಬಿಯ ಪಂಜರ ನಿಲ್ಲಿಸಿ ಕಾಂಕ್ರೀಟು ಸುರಿಯುತ್ತಿದ್ದರು. ಕೊರೆಯೋದಕ್ಕೆ ಯಂತ್ರವಿತ್ತು. ತಳದಲ್ಲಿ ಉಳಿಯುವ ಕೆಸರಿನ ರೊಚ್ಚನ್ನು ಬಾಚೋದಕ್ಕೆ ಮನುಷ್ಯನೇ ಬೇಕು. ಭುಜ ಕುಗ್ಗಿಸಿಕೊಂಡು ಎಂಥ ತೂತಿಗಾದರೂ ಇಳಿಯುತ್ತಿದ್ದುದರಿಂದಲೇ ಅವನಿಗೆ ಕಪ್ಪೆ ಅನ್ನೋ ಹೆಸರು ಬಿದ್ದಿತ್ತು. ಅವನನ್ನು ಹಗ್ಗದಲ್ಲಿ ಇಳಿಸಿ ಎತ್ತುವ ರಾಟೆ ಅವನ ಅಣ್ಣನ ಕೈಯಲ್ಲಿತ್ತು.

ಯಂತ್ರದ ಅದುರಿಗೆ ಹಳೇ ಮನೆಯ ಕಕ್ಕಸಿನ ಪೈಪು ಬಿರುಕು ಬಿಟ್ಟಿತ್ತು. ಒಳಗೆ ಯಾರಾದರೂ ನೀರು ಬಿಟ್ಟರೆ ಎಲ್ಲವೂ ಅಗೆದುಹಾಕಿದ ಮಣ್ಣಿನ ದಂಡೆಯ ಮೇಲಿಂದ ಜಾರಿ ಈ ಕೊನೇ ಗುಂಡಿಯ ಬಾಯಿಗೇ ಬೀಳುತ್ತಿತ್ತು.

"ಮೇಸ್ತ್ರಿ, ಮೊದ್ಲು ಪೈಪು ಕಟ್ಟಿಸಿ. ಆಮೇಲೆ ಇಳೀತಾನೆ," ಎಂದ ಅಣ್ಣ.

"ಕಾಂಕ್ರೀಟ್ ಲಾರಿ ಹೊರಟಾಗಿದೆ. ದಾರೀಲಿ ಗಟ್ಟಿಯಾದ್ರೆ ನಿಮ್ಮಪ್ಪ ಬಂದು ಕುಡೀತಾನಾ? ಇಳೀದಿದ್ರೆ ಹೇಳು, ಇಬ್ರೂ ಗಂಟುಮೂಟೆ ಕಟ್ಟಿ."

ಕಪ್ಪೆ ಬಾಯಿ ಮುಕ್ಕಳಿಸಿ, ಹಗ್ಗ ಸೊಂಟಕ್ಕೆ ಬಿಗಿದುಕೊಂಡ. ಹೆಂಡತಿ ಅವನ ತೋಳು ಹಿಡಿದಳು. "ತಡೀರಿ. ನಾನು ಹೋಗಿ ಹೇಳಿ ಬರ್ತೀನಿ. ಅವರೂ ಮನುಷ್ಯರೇ ತಾನೆ?"

ಮಾಲೀಕ ಜಗಲಿಯಲ್ಲಿ ಗುಂಡಿ ನೋಡಲು ಬಂದ ನೆಂಟರ ನಡುವೆ ಕೂತಿದ್ದ. ತಟ್ಟೆಗಳಲ್ಲಿ ತಿಂದು ಬಿಟ್ಟ ಹಣ್ಣಿನ ಸಿಪ್ಪೆ. ಅವಳು ಮೆಟ್ಟಿಲ ಕೆಳಗೇ ನಿಂತಳು.

"ಸಾರ್, ನನ್ ಗಂಡ ಗುಂಡಿಗಿಳೀತಿದಾನೆ. ಅವನು ಮೇಲೆ ಬರೋತನಕ ಕಕ್ಕಸಿಗೆ ನೀರು ಬಿಡಬೇಡಿ. ಎಲ್ಲಾ ತಲೆ ಮೇಲೆ ಬೀಳ್ತಿದೆ."

ನೆಂಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾಲೀಕ ಮೆಲುದನಿಯ ಮನುಷ್ಯ, ಯಾರಿಗೂ ಗದರಿದವನಲ್ಲ.

"ನೋಡಮ್ಮಾ, ಇರೋದು ಒಂದೇ ಬಾತ್‌ರೂಮು. ಮನೆ ತುಂಬಾ ನೆಂಟರು. ತಿಂದಿದ್ದು ಎಲ್ಲಿಗೆ ಹೋಗ್ಬೇಕು, ಹೇಳು?" ನಗು ಜೋರಾಯಿತು. "ತಲೆಗೊಂದು ಪ್ಲಾಸ್ಟಿಕ್ ಕವರ್ ಹಾಕ್ಕೊಳ್ಳೋಕೆ ಹೇಳು. ನಿಮ್ಮಂಥೋರಿಗೆ ಇದೆಲ್ಲಾ ಅಭ್ಯಾಸ ತಾನೆ?"

ಬೆಳಿಗ್ಗೆ ಇದೇ ಮೆಟ್ಟಿಲ ಬಳಿ ಹೆಣ್ಣಾಳುಗಳೆಲ್ಲ ನಿಂತು, ಒಂದ್ಸಲ ಒಳಗೆ ಹೋಗಿ ಬರ್ತೀವಿ ಎಂದು ಕೇಳಿದ್ದರು. ಲಾರಿಗೆ ದಾರಿ ಬಿಡಲು, ಅವರು ಕೂರುತ್ತಿದ್ದ ತಗಡಿನ ಮರೆ ಕಿತ್ತುಹಾಕಿದ್ದರು. ಮರೆಗೆ ಇನ್ನೆಲ್ಲೂ ಜಾಗವಿರಲಿಲ್ಲ. "ನಾವು ಕೂರೋ ಜಾಗದಲ್ಲಿ ನೀವಾ?" ಎಂದಿದ್ದಳು ಮಾಲೀಕನ ಹೆಂಡತಿ. ಆಗಿನಿಂದ ಯಾರೂ ಒಂದು ಗುಟುಕು ನೀರು ಕುಡಿದಿರಲಿಲ್ಲ. ಈಗ ಅದೇ ಹೆಂಗಸು ಫಿನಾಯಿಲ್ ಬಾಟಲಿ ಹಿಡಿದು ಬಂದು, ಕಪ್ಪೆಯ ಹೆಂಡತಿ ಇನ್ನೂ ಅಲ್ಲೇ ನಿಂತಿರುವಾಗಲೇ ಅವಳ ಕಾಲಿನ ಸುತ್ತ ಸುರಿದಳು. ಕಾಲ್ಬೆರಳ ಸಂದಿಯ ಗಾಯ ಚುರುಗುಟ್ಟಿತು.

ಹಿಂದಿರುಗುವಷ್ಟರಲ್ಲಿ ಕಪ್ಪೆಯನ್ನು ಇಳಿಸಿಯಾಗಿತ್ತು. ಮನೆಯೊಳಗೆ ನೀರು ಭರ್ರೆಂದಿತು. ದಂಡೆಯ ಮೇಲಿಂದ ಹಳದಿ ಗೀಟೊಂದು ಹೊರಳಿ ಗುಂಡಿಗೆ ಇಳಿಯಿತು. ಕೆಳಗಿಂದ ಮೊದಲು ಬೈಗುಳ ಬಂತು, ಆಮೇಲೆ ಕೆಮ್ಮು, ಆಮೇಲೆ ಓಕರಿಕೆ.

"ಎತ್ತಿ ಭಾವ, ಎತ್ತಿ!" ಎಂದು ಅವಳು ಗಂಡನ ಅಣ್ಣನಿಗೆ ಕೂಗಿದಳು.

ಅಣ್ಣ ರಾಟೆಯ ಹಿಡಿಗೆ ಕೈ ಹಾಕಿದ. ಮೇಸ್ತ್ರಿ ಅದರ ಮೇಲೆ ಕಾಲಿಟ್ಟು ಒತ್ತಿದ. "ತಳ ಬಾಚಿ ಮುಗಿಸ್ದೆ ಒಬ್ಬನೂ ಮೇಲ್ ಬರೋ ಹಾಗಿಲ್ಲ."

ಅವಳು ಸೀರೆ ಮೊಣಕಾಲಿಗೆ ಎತ್ತಿಕಟ್ಟಿ ಮನೆಯ ಕಡೆ ನಡೆದಳು. ಮೆಟ್ಟಿಲು ಹತ್ತಿದಳು. ನೆಂಟರ ಕಾಲುಗಳನ್ನು ದಾಟಿದಳು. ಬಿಳೀ ನೆಲದ ಮೇಲೆ ಕೆಸರಿನ ಹೆಜ್ಜೆ ಮೂಡುತ್ತ ಹೋದವು. ಟವೆಲು ಹೆಗಲಿಗೆ ಹಾಕಿಕೊಂಡು ಒಬ್ಬ ಮುದುಕ ಕಕ್ಕಸಿನ ಬಾಗಿಲಿಗೆ ಕೈ ಚಾಚಿದ್ದ. ಅವನನ್ನು ಸರಿಸಿ ಒಳಹೊಕ್ಕು ಚಿಲಕ ಹಾಕಿದಳು.

ಒಳಗೆ ಗುಲಾಬಿ ಬಣ್ಣದ ಸೋಪು, ಮೆತ್ತನೆಯ ಕಾಲೊರಸು, ಹೂವಿನ ವಾಸನೆ. ಕೂತಳು. ಬೆಳಿಗ್ಗೆಯಿಂದ ಕಟ್ಟಿಕೊಂಡದ್ದೆಲ್ಲ ಉರಿಯುತ್ತ ಇಳಿಯಿತು. ಎದ್ದು ಫ್ಲಶ್ಶಿನ ಬಟನ್ನು ಒತ್ತಲು ಹೋದ ಕೈ, ಹಾವು ಕಂಡಂತೆ ಹಿಂದೆ ಬಂತು.

ಬಾಗಿಲು ದಬದಬ ಎಂದಿತು.

"ಅಯ್ಯಯ್ಯೋ, ಆ ಕೆಸರು ಮುಂಡೆ ಒಳಗೆ ಸೇರ್ಕೊಂಡಿದಾಳೆ!"

"ಬಾರೇ ಲೌಡಿ ಹೊರಗೆ! ಅಲ್ಲೇನ್ ಮಾಡ್ತಿದೀಯೇ?" ಮೆಲುದನಿಯವನ ಗಂಟಲು ಸೀಳಿಹೋಗಿತ್ತು.

"ನೀವು ಮಾಡೋದನ್ನೇ," ಎಂದಳು. "ನನ್ ಗಂಡ ಮೇಲೆ ಬರ್ಲಿ. ಆಮೇಲೆ ಬಾಗ್ಲು ತೆಗೀತೀನಿ."

ಮುದುಕ ಗೋಗರೆದ. "ತಾಯೀ, ನನ್ ಕೈಲಿ ತಡ್ಕೊಳ್ಳೋಕ್ಕಾಗ್ತಿಲ್ಲ. ತೆಗಿಯಮ್ಮಾ."

"ಗುಂಡಿ ಹತ್ರ ಹೋಗಿ ಹೇಳಿ ತಾತಾ, ಎತ್ರೋ ಅವನನ್ನ ಅಂತ. ನಿಮ್ಮ ಮಾತು ಕೇಳ್ತಾರೆ."

ಮುದುಕ ಹೋದನೋ ಇಲ್ಲವೋ ತಿಳಿಯಲಿಲ್ಲ. ಅಲ್ಲೇ ಬಾಗಿಲ ಬುಡದಲ್ಲಿ ಏನೋ ಸೋರುವ ಸದ್ದು, ಹಿಂದೆಯೇ ಹೆಂಗಸರ "ಥೂ, ಥೂ!"

"ಹಾರೆ ತಗೊಂಡು ಬನ್ರೋ ಯಾರಾದ್ರೂ!" ಮಾಲೀಕ ಕಿರುಚಿದ.

ಕೆಲಸದವರು ಯಾರೂ ಬರಲಿಲ್ಲ. ಮತ್ತೆ ಕೂಗಿದ. ಆಮೇಲೆ ಅವನ ಚಪ್ಪಲಿಯ ಸದ್ದೇ ಹೊರಗೆ ಹೋಗಿ, ಹಿಂದಕ್ಕೆ ಬಂತು.

ಅವಳು ಗವಾಕ್ಷಿಗೆ ಮುಖ ಚಾಚಿ ನೋಡಿದಳು. ಹೆಣ್ಣಾಳುಗಳು ಬುಟ್ಟಿ ಕೆಳಗಿಟ್ಟು ಮೇಸ್ತ್ರಿಯ ಸುತ್ತ ನಿಂತಿದ್ದರು. ಅವರ ಬೆನ್ನುಗಳ ಮರೆಯಲ್ಲಿ ರಾಟೆ ಇತ್ತು. ತಿರುಗುತ್ತಿದೆಯೋ ಇಲ್ಲವೋ ಕಾಣಲಿಲ್ಲ.

"ಭಾವಾ!" ಎಂದು ಕೂಗಿದಳು. "ಬಂದ್ನಾ?"

ಉತ್ತರ ಬರುವ ಮೊದಲೇ ಬಾಗಿಲ ಸಂದಿಯಲ್ಲಿ ಹಾರೆಯ ಮೊನೆ ಇಣುಕಿತು. ಚಿಲಕದ ಮೊಳೆ ಕಿರುಗುಟ್ಟಿತು. ಅವಳು ಬೆನ್ನನ್ನು ಗೋಡೆಗೆ ಕೊಟ್ಟು, ಎರಡೂ ಪಾದಗಳನ್ನು ಬಾಗಿಲಿಗೆ ಊರಿ, ಆ ಮೊನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.