ಮೊದಲು ಮನೆ, ಆಮೇಲೆ ಮದುವೆ

ಬೆಳಗ್ಗಿನಿಂದ ಚಂದ್ರಮತಿ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ನೀರ್ ದೋಸೆ ಹೊಯ್ಯುತ್ತ ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು. ಮಗಳು ಅಶ್ಮಿತಾ ಮೆಚ್ಚಿದ ಹುಡುಗ ಎಲ್ರಾಯ್, ತಾಯಿಯನ್ನು ಕರೆದುಕೊಂಡು ಗಲ್ಫಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಇವರ ಮನೆಗೆ ಊಟಕ್ಕೆ ಬರುವವನಿದ್ದ. ಜಮೈಕಾದ ಹಳ್ಳಿಯವನು, ಅಶ್ಮಿತಾಳ ಆಫೀಸಿನಲ್ಲೇ ಕೆಲಸ. ಗಂಡ ಧರ್ಮಪಾಲ ಹೇಗೋ ಅರ್ಧ ಮನಸ್ಸು ಮಾಡಿದ್ದ. "ಜನ ಯಾರಾದ್ರೂ ಆಗ್ಲಿ, ಮರ್ಯಾದಸ್ಥ ಮನೆತನ ಆದ್ರೆ ಸಾಕು" ಅಂದಿದ್ದ. ಆ ಮಾತೇ ಚಂದ್ರಮತಿಯ ನಿದ್ದೆ ಕೆಡಿಸಿತ್ತು. ಎಲ್ರಾಯ್‌ನ ಅಪ್ಪ ಅಮ್ಮ ಮದುವೆಯಾದದ್ದು ಹೋದ ವರ್ಷ. ಮಗಳು ಗುಟ್ಟಾಗಿ ಹೇಳಿದ್ದನ್ನು ಅವಳು ಗಂಡನಿಗೆ ಹೇಳಿರಲಿಲ್ಲ.

ಬಂದಾಕೆ ಬಾಯ್ತುಂಬ ನಗುವ ಹೆಂಗಸು. ಕೋಳಿ ಸುಕ್ಕ ಮತ್ತೆ ಮತ್ತೆ ಹಾಕಿಸಿಕೊಂಡಳು. ಮಳೆ ಬೆಳೆಯ ಮಾತು ನಡೆದಷ್ಟು ಹೊತ್ತು ಚಂದ್ರಮತಿಗೆ ಜೀವ ಇತ್ತು. ಅಷ್ಟರಲ್ಲಿ ಧರ್ಮಪಾಲನೆಂಬ ಈ ಪುಣ್ಯಾತ್ಮ ದೇರಾದಲ್ಲಿ ದುಡಿಯುತ್ತ ಕಲಿತ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟ, ನಿಮ್ಮ ಮದುವೆಯಾಗಿ ಎಷ್ಟು ವರ್ಷವಾಯಿತೆಂದು.

"ಒಂದು ವರ್ಷ" ಎಂದಳು ಆಕೆ, ಮಗನ ಬೆನ್ನು ತಟ್ಟಿ. "ಉಂಗುರ ಹಿಡಿದು ನಿಂತವನು ಇವನೇ. ನಮ್ಮೂರಲ್ಲಿ ಮೊದಲು ಜೊತೆಗೆ ಬಾಳುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ಮನೆ ಕಟ್ಟಿ ಮುಗಿದ ಮೇಲೆ ಇಗರ್ಜಿಯಲ್ಲಿ ಮದುವೆ. ಇವನಪ್ಪ ಒಂದು ರಾತ್ರಿಯೂ ನನ್ನನ್ನು ಬಿಟ್ಟು ಮಲಗಿದವನಲ್ಲ."

ಧರ್ಮಪಾಲ ತಟ್ಟೆ ದೂಡಿದ. "ನಿಂಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕನ್ನಡದಲ್ಲಿ ಕೇಳಿದ.

"ಗೊತ್ತಿತ್ತು."

"ಖಲಾಸ್. ಈ ಸಂಬಂಧ ಬೇಡ. ಮದುವೆ ಇಲ್ಲದ್ದು ಎಂತ ಸಂಸಾರ?"

ಅವನು ಕೈ ತೊಳೆಯಲು ಎದ್ದ. ಅಶ್ಮಿತಾಳ ಮುಖ ಬಿಳಿಚಿಕೊಂಡಿತು.

"ಕೂತ್ಕೊಳ್ಳಿ" ಎಂದಳು ಚಂದ್ರಮತಿ. ತನ್ನ ದನಿಗೆ ತಾನೇ ಹೆದರಿದಳು, ಆದರೂ ನಿಲ್ಲಿಸಲಿಲ್ಲ. "ಮದುವೆಯ ಅರಸಿನ ಮಾಸುವ ಮೊದ್ಲೇ ನೀವು ವಿಮಾನ ಹತ್ತಿದ್ರಿ. ದೇರಾದ ರೂಮಲ್ಲಿ ನೀವು, ಊರಲ್ಲಿ, ಕಾಪುವಲ್ಲಿ ನಾನು. ಹತ್ತು ವರ್ಷ. ಇವಳು ಹುಟ್ಟುವಾಗ್ಲೂ ನೀವಿಲ್ಲ. ಎಲ್ರಾಯ್‌ನ ಅಪ್ಪ ಕರಿಮಣಿ ಕಟ್ಟದೆಯೂ ದಿನಾ ಮನೆಗೆ ಬಂದ್ರು. ಯಾವುದು ಸಂಸಾರ, ನೀವೇ ಹೇಳಿ ಮಾರಾಯ್ರೆ."

ಧರ್ಮಪಾಲ ಎಂಜಲು ಕೈಯಲ್ಲೇ ನಿಂತಿದ್ದ. ಕೊನೆಗೆ ಕುರ್ಚಿ ಎಳೆದು ಕೂತು ಮಗಳಿಗೆ ಹೇಳಿದ:

"ಅವನ ಅಪ್ಪನಿಗೂ ಬರ್ಲಿಕ್ಕೆ ಹೇಳು. ಧಾರೆಗೆ ಅವರೂ ಬೇಕು."

ಅಶ್ಮಿತಾ ಅಳುತ್ತ ಅಪ್ಪನ ಹೆಗಲಿಗೆ ಒರಗಿದಳು. ಅದನ್ನು ನೋಡಿ ಎಲ್ರಾಯ್‌ನ ತಾಯಿ ದೊಡ್ಡದಾಗಿ ನಕ್ಕಳು. ಚಂದ್ರಮತಿ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ಯಾವುದು ಸಂಸಾರ ಎಂದು ಅವಳು ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟಿರಲಿಲ್ಲ.