ಗಂಜಿಗೆ ಎಂತ ವಾಸನೆ

ಸುಭದ್ರಾಳ ಅಡುಗೆಮನೆಯಲ್ಲಿ ಗೋಧಿಹಿಟ್ಟಿನ ಡ್ರಮ್ಮಿನ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರೊಳಗೆ ಮೂರು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಣ ಬಂಗುಡೆ ಮೀನು. ಮಂಜಲ್‌ಪುರದ ಆ ಗುಜರಾತಿ ಹೌಸಿಂಗ್ ಸೊಸೈಟಿಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ಮೂಗು ಮುರಿಯುವ ಜನ. ಸಾಲದ್ದಕ್ಕೆ ಗಂಡ ವಿಠ್ಠಲ ಶೆಟ್ಟರದು ಉಡುಪಿ ಹೋಟೆಲು, ಬೋರ್ಡಿನ ಮೇಲೆ ‘ಶುದ್ಧ ಸಸ್ಯಾಹಾರಿ’. ಹಾಗಾಗಿ ಹದಿನೈದು ವರ್ಷದಿಂದ ಆ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದದ್ದು ಎಲ್ಲರೂ ಬೀಗ ಹಾಕಿ ಪ್ರವಾಸ ಹೋಗುವ ದೀಪಾವಳಿ ರಜೆಯಲ್ಲಿ ಮಾತ್ರ.

ಮೇಲಿನ ಮನೆಯ ಬಾಡಿಗೆಯವಳು ಫಿಲಿಪೀನ್ಸಿನ ಮರಿಸೆಲ್, ಸ್ಪಾ ಒಂದರ ಕೆಲಸಗಾರ್ತಿ. ಲಾಕ್‌ಡೌನ್ ಬಿದ್ದದ್ದೇ ಸ್ಪಾ ಮುಚ್ಚಿತು. ಮಾಲೀಕ ಫೋನೆತ್ತುವುದನ್ನೇ ಬಿಟ್ಟ. ಊರಲ್ಲಿ ಅವಳಿಗೆ ಏಳು ವರ್ಷದ ಮಗಳಿದ್ದಳು. ಅಂತೂ ಇಂತೂ ಜೂನಿನಲ್ಲಿ ಮುಂಬಯಿಯಿಂದ ವಿಶೇಷ ವಿಮಾನ ಗೊತ್ತಾಯಿತು. ಹೊರಡಲು ಐದು ದಿನ ಇದೆ ಎನ್ನುವಾಗ ಜ್ವರ ಬಂತು. ಕೊರೊನಾ ಪರೀಕ್ಷೆಗೆ ಕೊಟ್ಟದ್ದಾಯಿತು. ಪಾಸಿಟಿವ್ ಎಂದರೆ ಸೀಟು ಹೋದಂತೆಯೇ.

ಸುಭದ್ರಾ ದಿನಕ್ಕೆರಡು ಸಲ ಅವಳ ಬಾಗಿಲಲ್ಲಿ ಊಟವಿಟ್ಟು, ಬೆಲ್ ಒತ್ತಿ ಇಳಿದು ಬರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಮರಿಸೆಲ್‌ಳ ಫೋನು. ಅವಳ ಹಿಂದಿಯೂ ಇಂಗ್ಲಿಷೂ ಅಳುವಿನಲ್ಲಿ ಕಲಸಿಹೋಗಿದ್ದವು.

“ಅಕ್ಕಾ, ಮುಗಿಯಿತು. ನಿಮ್ಮ ಊಟದ ವಾಸನೆಯೇ ಬರುತ್ತಿಲ್ಲ, ರುಚಿಯೂ ಇಲ್ಲ. ಸೋಪು ಮೂಸಿದರೆ ಬಂದ ಹಾಗೂ ಇದೆ, ಬಾರದ ಹಾಗೂ ಇದೆ. ಸೂಟ್‌ಕೇಸ್ ಬಿಚ್ಚಿಬಿಟ್ಟೆ.”

ಸುಭದ್ರಾಳಿಗೆ ತಾನು ಕಳಿಸಿದ್ದೇನು ಎಂಬುದು ನೆನಪಾಯಿತು. ಜ್ವರಕ್ಕೆ ತನ್ನ ತಾಯಿ ಕಲಿಸಿದ ಊಟ ಒಂದೇ, ಉಪ್ಪು ಹಾಕಿದ್ದೂ ಗೊತ್ತಾಗದಂಥ ಗಂಜಿ. ಅಷ್ಟೂ ಹೊತ್ತು ಅದನ್ನೇ ಕಳಿಸಿದ್ದಳು!

“ಗಂಜಿಗೆ ಎಂತ ವಾಸನೆ ಮಾರಾಯ್ತಿ! ಕಿಟಕಿ ತೆರೆ,” ಎಂದವಳೇ ಡಬ್ಬಿ ಎಳೆದಳು.

“ನಿನ್ನ ಮಂಡೆ ಸಮ ಉಂಟಾ?” ಶೆಟ್ಟರು ಓಡಿ ಬಂದರು. “ನಾಳೆ ಹೋಟೆಲಿಗೆ ಒಂದು ನಾಯಿಯೂ ಬರಲಿಕ್ಕಿಲ್ಲ!”

“ಈಗ ಯಾರು ಬರ್ತಾ ಇದ್ದಾರೆ? ಮುಚ್ಚಿಯೇ ಉಂಟಲ್ಲ.”

ಒಣ ಬಂಗುಡೆ ಕಾವಲಿಗೆ ಬಿತ್ತು. ಎರಡು ನಿಮಿಷ ಕಳೆದಿರಬಹುದು, ಮೇಲಿನಿಂದ ಒಂದು ಕಿರುಚು. “ತುಯೋ! ಅಕ್ಕಾ, ತುಯೋ!” ಅದು ಅವಳೂರಿನ ಒಣಮೀನಿನ ಹೆಸರು. ಕಿಟಕಿಯ ಕಂಬಿಗೆ ಮುಖ ಒತ್ತಿ ಅವಳು ಅಳುತ್ತ ನಗುತ್ತಿದ್ದಳು. ಕೆಳಗೆ ಸುಭದ್ರಾಳಿಗೂ ಕಣ್ಣು ತುಂಬಿತು. ಹೊಗೆಯಿಂದ ಎಂದು ಸುಳ್ಳು ಹೇಳುವ ಹೆಣ್ಣಲ್ಲ ಅವಳು.

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ ಜಯಂತಿಭಾಯಿಯ ಫೋನು. “ಸುಭದ್ರಾಬೆನ್, ಇದೇನು ವಾಸನೆ?”

“ನಿಮಗೂ ಬಂತಾ? ದೇವರು ದೊಡ್ಡವನು ಭಾಯಿ, ನಿಮಗೂ ಕೊರೊನಾ ಇಲ್ಲ!”

ಆ ಕಡೆ ಅವರು ಹೆಂಡತಿಯನ್ನು ಕೂಗಿ ಏನೋ ಕೇಳಿದರು. ಆಮೇಲೆ ಮೆಲ್ಲನೆ ಕೇಳಿಸಿತು: “ನಮ್ಮವಳಿಗೂ ಬಂತಂತೆ.”

ಮರುದಿನ ವರದಿ ನೆಗೆಟಿವ್ ಬಂತು. ಮುಂಬಯಿಗೆ ಹೋಗುವ ಕಾರಿಗೆ ಪಾಸು ಮಾಡಿಸಿಕೊಟ್ಟವರು ಜಯಂತಿಭಾಯಿಯೇ. ವಾರದ ನಂತರ ಮರಿಸೆಲ್ ಫೋಟೋ ಕಳಿಸಿದಳು. ಮಗಳು ಅವಳ ತೊಡೆಯ ಮೇಲೆ ಕೂತಿದ್ದಳು; ಮುಂದೆ ಒಂದು ಬಟ್ಟಲು ಗಂಜಿ, ಬದಿಯಲ್ಲಿ ಒಣಮೀನು.