ಸ್ವತಂತ್ರವಾಗಿ ಮಾಡಬಲ್ಲರು

"ಕೊಡಿ," ಎಂದರು ದೊಡ್ಡ ಮೇಡಂ.

ಸೂಜಿ ಹಿಡಿದಿದ್ದ ಇಕ್ಕಳವನ್ನು ಅವನು ಅವರ ಅಂಗೈಯಲ್ಲಿಟ್ಟ. ಆ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಮೇಡಂ ಗದರಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. ಅವನು ಹಾಕಿದ್ದ ಮೂರು ಹೊಲಿಗೆಗಳನ್ನು ಬಿಚ್ಚಿ ಮತ್ತೆ ಮೊದಲಿನಿಂದ ಹಾಕತೊಡಗಿದರು. ಮೇಜಿನ ಮೇಲಿದ್ದದ್ದು ಹನ್ನೊಂದು ದಿನದ ಮಗು. ಅದರ ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಹುಟ್ಟುವಾಗಲೇ ಅದಲುಬದಲಾಗಿದ್ದವು. ಅವನ್ನು ಕತ್ತರಿಸಿ, ಸರಿಯಾದ ಜಾಗಕ್ಕೆ ತಂದು, ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಹೊಲಿಯಬೇಕು. ಆ ಹೃದಯ ಒಂದು ನಿಂಬೆಹಣ್ಣಿನಷ್ಟೂ ಇರಲಿಲ್ಲ.

"ಐವತ್ತೆರಡು ನಿಮಿಷ," ಎಂದ ಯಂತ್ರದ ಪಕ್ಕ ಕೂತಿದ್ದವನು. ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಅಷ್ಟು ಹೊತ್ತಾಗಿತ್ತು. ಹೊತ್ತು ಹೆಚ್ಚಾದಷ್ಟೂ ಮಗುವಿಗೆ ಕೇಡು.

ತಾನು ಹಾಕಿದ ಹೊಲಿಗೆಯಲ್ಲಿ ತಪ್ಪೇನಿತ್ತು ಎಂದು ಅವನಿಗೆ ಗೊತ್ತಿತ್ತು. ಎರಡನೆಯದು ಅರ್ಧ ಮಿಲಿಮೀಟರಿನಷ್ಟು ಆಚೆ ಬಿದ್ದಿತ್ತು. ಬೀಳುವಾಗಲೇ ಅವನು ಅದನ್ನು ಕಂಡಿದ್ದ. ಕಂಡೂ ಕೈ ಅಲ್ಲಿಗೇ ಹೋಗಿತ್ತು. ಎದುರು ನಿಂತಿದ್ದ ಗುಬ್ಬಿ, ಮೇಡಂ ಕೇಳುವ ಮೊದಲೇ, ದಾರದ ತುದಿಯನ್ನು ಹಗುರಾಗಿ ಎತ್ತಿ ಹಿಡಿದಿದ್ದಳು. ಮೇಡಂ ಆ ಬದಿ ಮುಗಿಸಿ, "ಈ ಕಡೇದು ನೀನು ಹಾಕಮ್ಮಾ," ಎಂದರು. ಗುಬ್ಬಿ ಹಾಕಿದಳು. ಏಳು ನಿಮಿಷ ಹಿಡಿಯಿತು.

ಗುಬ್ಬಿ ಅವನಿಗಿಂತ ಒಂದು ವರ್ಷ ತಡವಾಗಿ ತರಬೇತಿಗೆ ಸೇರಿದವಳು. ಪುಟ್ಟ ಆಳು; ಮೇಜಿನ ಎತ್ತರಕ್ಕೆ ಬರಲು ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು. ಸಿಸ್ಟರುಗಳಿಟ್ಟ ಆ ಹೆಸರು ಆಸ್ಪತ್ರೆಯಲ್ಲೆಲ್ಲ ನಿಂತುಬಿಟ್ಟಿತ್ತು. ಅವನಿಗೆ ಮೂವತ್ತೆಂಟು. ವೈದ್ಯಕೀಯ ಓದು, ಆಮೇಲೆ ಸರ್ಜರಿ, ಆಮೇಲೆ ಹೃದಯದ ಸರ್ಜರಿ, ಎಲ್ಲ ಮುಗಿಸಿ ಈಗ ನವಜಾತ ಶಿಶುಗಳ ಹೃದಯಕ್ಕೆಂದೇ ಎರಡು ವರ್ಷದ ಫೆಲೋಶಿಪ್. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಶಾಲೆಯಲ್ಲಿ ಕೇಳಿದಾಗ ಮಗಳು ಬೆರಳು ಮಡಚಿ ಲೆಕ್ಕ ಹಾಕಿ, "ಇಪ್ಪತ್ತೈದನೇ ಕ್ಲಾಸು ಓದ್ತಿದಾರೆ," ಎಂದಿದ್ದಳು. ಮನೆಯಲ್ಲಿ ಆ ಮಾತಿಗೆ ವಾರವಿಡೀ ನಕ್ಕಿದ್ದರು.

ಫೆಲೋಶಿಪ್ ಮುಗಿಯಲು ಇನ್ನೆರಡು ತಿಂಗಳಿತ್ತು. ಮುಗಿದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆಯೇ ಇರಲಿಲ್ಲ. ಒಂಬತ್ತು ಗಂಟೆಯ ದಾರಿ ದೂರದಲ್ಲಿದ್ದ ಅವನ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಅವನಿಗಾಗಿಯೇ ಒಂದು ಆಪರೇಷನ್ ಕೋಣೆ ಏಳುತ್ತಿತ್ತು. ಅಲ್ಲಿಯ ಹಿರಿಯ ಡಾಕ್ಟರು ಅವನನ್ನು ಸಣ್ಣ ಹುಡುಗನಿದ್ದಾಗಿನಿಂದ ಬಲ್ಲವರು. ಪ್ರತಿ ಭಾನುವಾರ ಫೋನು ಮಾಡಿ ಈ ವಾರ ನೆಲ ಹಾಕಿದರು, ಈ ವಾರ ಗಾಳಿ ಶುದ್ಧ ಮಾಡುವ ಕೊಳವೆ ಬಂತು ಎಂದು ಹೇಳುತ್ತಿದ್ದರು. ಇಂಥ ಹೃದಯದ ಮಕ್ಕಳನ್ನು ಅವರು ಈಗ ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸುತ್ತಿದ್ದರು. ಮೂರರಲ್ಲಿ ಒಂದು ದಾರಿಯಲ್ಲೇ ಹೋಗುತ್ತಿತ್ತು.

ಅವನು ಪ್ರಯತ್ನದಲ್ಲಿ ಕಡಿಮೆ ಮಾಡಿದವನಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಮಗಳ ಹಳೆಯ ಶೂ ಡಬ್ಬಿಯೊಳಗೆ ಕೈಗವಸಿನ ಬೆರಳುಗಳನ್ನು ಪಿನ್ನು ಚುಚ್ಚಿ ನಿಲ್ಲಿಸಿ, ಕಿರಿದಾದ ಬಾಯಿಯಿಂದ ಸೂಜಿ ಇಳಿಸಿ ಹೊಲಿಯುತ್ತಿದ್ದ. ಡಬ್ಬಿಯಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಕೈಗವಸು ಎಷ್ಟು ಹೊತ್ತಾದರೂ ಕಾಯುತ್ತದೆ. ಮಗುವಿನ ನಾಳ ಒದ್ದೆ ಕಾಗದದ ಹಾಗೆ. ತಪ್ಪಿ ಚುಚ್ಚಿದ ಒಂದೊಂದು ತೂತೂ ಹರಿಯುವ ಜಾಗ.

ಮಾರನೆಯ ದಿನ ಮಧ್ಯಾಹ್ನ ಮೇಡಂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಎರಡು ಕಪ್ ಟೀ ತಣ್ಣಗಾಗುತ್ತಿತ್ತು. ಒಂದು ಅವನಿಗೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಿನ್ನೆ ಮಗು ಹೇಗಿದೆ?" ಎಂದರು, ತಮಗೇ ಗೊತ್ತಿದ್ದರೂ.

"ಚೆನ್ನಾಗಿದೆ ಮೇಡಂ. ನಾಳೆ ಉಸಿರಿನ ನಳಿಕೆ ತೆಗೀಬಹುದು."

"ಹ್ಞೂಂ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಸುಳ್ಳು ಹೇಳಬೇಡಿ. ಆ ಟೇಬಲ್ ಮೇಲೆ ನಿಮ್ಮ ಮಗಳಿದ್ದಿದ್ರೆ ಸೂಜಿ ಯಾರ ಕೈಗೆ ಕೊಡ್ತಿದ್ರಿ?"

ಅವನು ಯೋಚಿಸಿದ. ಯೋಚಿಸುವಂಥದ್ದೇನೂ ಇರಲಿಲ್ಲ, ಆದರೂ ಯೋಚಿಸಿದ.

"ಗುಬ್ಬಿಗೆ," ಎಂದ.

ಮೇಡಂ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ತಮ್ಮ ಹೆಸರು ಬರುತ್ತದೆ ಎಂದುಕೊಂಡಿದ್ದರೇನೋ. ಆಮೇಲೆ ಸಣ್ಣಗೆ ನಕ್ಕರು. "ಸರಿಯಾಗೇ ಹೇಳಿದ್ರಿ. ಎರಡು ವರ್ಷದಿಂದ ನನ್ನ ಕೈ ನಿಧಾನ ಆಗಿದೆ. ಅದನ್ನ ಕಂಡಿದ್ದು ಇಲ್ಲಿ ನೀವೊಬ್ಬರೇ ಅನ್ಸುತ್ತೆ. ನಿಮ್ಮ ಕಣ್ಣಿನಲ್ಲಿ ಐಬಿಲ್ಲ. ಅದೇ ಕಷ್ಟ. ಕಣ್ಣಿಗೆ ಕಂಡಿದ್ದು ನಿಮ್ಮ ಕೈಗೆ ಬರ್ತಿಲ್ಲ."

"ಇನ್ನೂ ಎರಡು ತಿಂಗಳಿದೆ."

"ಮೊದಲ ವರ್ಷವೇ ಎಲ್ಲರಿಗೂ ಬರಲ್ಲ. ಅದಕ್ಕೇ ನಾನು ಬಾಯಿ ಬಿಡಲಿಲ್ಲ. ಒಂದೂವರೆ ವರ್ಷಕ್ಕೆ ಬರಬೇಕು. ಬರದಿದ್ರೆ ಬರಲ್ಲ. ಓದಿನಲ್ಲಿ, ದುಡಿಮೇಲಿ, ಮಕ್ಕಳನ್ನ ನೋಡ್ಕೊಳ್ಳೋದ್ರಲ್ಲಿ ನಿಮ್ಮಂಥವರು ನನಗೆ ಸಿಕ್ಕಿಲ್ಲ. ಆದ್ರೆ ಇದು ಬೇರೆ."

ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವನ ಕಡೆ ತಿರುಗಿಸಿದರು. ಪ್ರಮಾಣಪತ್ರದ ಕರಡು. ಎರಡೇ ಸಾಲು. ಮೊದಲನೆಯದು, ಎರಡು ವರ್ಷದ ತರಬೇತಿ ಪೂರೈಸಿದ್ದಾರೆ ಎಂಬುದು. ಎರಡನೆಯದು, ನವಜಾತ ಶಿಶುಗಳ ಹೃದಯ ಶಸ್ತ್ರಚಿಕಿತ್ಸೆಯನ್ನು ಸ್ವತಂತ್ರವಾಗಿ ಮಾಡಬಲ್ಲರು ಎಂಬುದು. ಎರಡನೆಯ ಸಾಲಿನ ಮೇಲೆ ಪೆನ್ಸಿಲಿನ ಗೆರೆ ಎಳೆದಿತ್ತು.

"ಹದಿನೆಂಟು ವರ್ಷದಲ್ಲಿ ಇಬ್ಬರಿಗೆ ಸುಮ್ಮನೆ ಸಹಿ ಹಾಕಿದೀನಿ," ಎಂದರು ಮೇಡಂ. "ಪಾಪ ಅಂತ. ಒಬ್ಬ ಆಮೇಲೆ ಆಡಳಿತಕ್ಕೆ ಹೋದ, ಸದ್ಯ. ಇನ್ನೊಬ್ಬ ಇವತ್ತಿಗೂ ಆಪರೇಷನ್ ಮಾಡ್ತಾನೇ ಇದಾನೆ. ಸಮ್ಮೇಳನದಲ್ಲಿ ಸಿಕ್ಕಿದ್ರೆ ಕಾಲಿಗೆ ಬೀಳ್ತಾನೆ. ಎಷ್ಟು ಮಕ್ಕಳು ಉಳಿದವು ಅಂತ ನಾನು ಕೇಳಲ್ಲ, ಅವನೂ ಹೇಳಲ್ಲ."

"ಮೇಡಂ, ನಾನು ಹೋಗದಿದ್ರೆ ಅಲ್ಲಿ ಯಾರೂ ಇಲ್ಲ."

"ಗೊತ್ತು."

"ಯಾರೂ ಇಲ್ಲದ್ದಕ್ಕಿಂತ ನಾನೇ ವಾಸಿ ಅಲ್ವಾ?"

"ಯಾರೂ ಇಲ್ಲ ಅಂದ್ರೆ ಮಗುನ ಇಲ್ಲಿಗೆ ಕಳಿಸ್ತಾರೆ. ನೀವಿದ್ರೆ ಕಳಿಸಲ್ಲ."

ಅವನು ಟೀ ಕಪ್ಪನ್ನು ಅರ್ಧ ಸುತ್ತು ತಿರುಗಿಸಿದ. "ದಾರೀಲಿ ಹೋಗೋ ಮಕ್ಕಳು?"

ಮೇಡಂ ಕಿಟಕಿಯ ಕಡೆ ನೋಡಿದರು. ಕೆಳಗೆ ಯಾರದೋ ಗಾಡಿ ಹಿಂದೆ ತೆಗೆಯುವ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.

"ದೊಡ್ಡವರ ಹೃದಯ ಮಾಡಿ," ಎಂದರು ಕೊನೆಗೆ. "ಅಲ್ಲಿ ಕೈಗೆ ಜಾಗ ಇದೆ. ನಾನೇ ನಾಲ್ಕು ಕಡೆ ಹೇಳ್ತೀನಿ."

ದೊಡ್ಡವರ ಹೃದಯ ಮಾಡುವವರು ಎಲ್ಲ ಊರಿನಲ್ಲೂ ಇದ್ದರು. ಅವನ ಊರಿನಲ್ಲೇ ಐದು ಜನರಿದ್ದರು. ಅವನು ಎದ್ದು ಕೈಮುಗಿದು ಹೊರಗೆ ಬಂದ. ಟೀ ಹಾಗೇ ಇತ್ತು.

ಮನೆಯಲ್ಲಿ ಹೆಂಡತಿ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ಊರಿಗೆ ವರ್ಗ ಮಾಡಿಸಿಕೊಂಡು ಕಾಗದವನ್ನೂ ತಂದಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಗೆ ಹಾಕಲೂ ಇಲ್ಲ, ಕೆಳಗಿಡಲೂ ಇಲ್ಲ.

"ಎರಡು ವರ್ಷ ಸುಮ್ಮನಿದ್ದು ಈಗ ಹೇಳೋದಾ?"

"ಅವರದ್ದೇನೂ ತಪ್ಪಿಲ್ಲ."

"ತಪ್ಪು ನಿಂದೂ ಇಲ್ಲ, ಅವರದ್ದೂ ಇಲ್ಲ. ಹಾಗಾದ್ರೆ ನನ್ನದಾ?" ಪುಸ್ತಕವನ್ನು ಮೇಜಿಗೆ ಕುಕ್ಕಿದಳು. "ಕೈ ಕಾಲು ಹಿಡಿದು ಸಹಿ ಹಾಕಿಸ್ಕೋ. ಹೋಗೋಣ. ಮಾಡ್ತಾ ಮಾಡ್ತಾ ಬರುತ್ತೆ. ನನಗೇನು ಮೊದಲ ದಿನವೇ ಪಾಠ ಮಾಡೋಕೆ ಬಂತಾ?"

"ಯಾರ ಮೇಲೆ ಮಾಡ್ತಾ ಮಾಡ್ತಾ?"

ಒಳಗೆ ಮಗಳು ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ತೊಳೆಯಲು ಅಲ್ಲಿ ಪಾತ್ರೆಗಳಿರಲಿಲ್ಲ.

ಅಪ್ಪ ಬಾಲ್ಕನಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಡ್ರೈವಿಂಗ್ ಸ್ಕೂಲಿನಲ್ಲಿ ಮೂವತ್ತು ವರ್ಷ ಕಾರು ಕಲಿಸಿದವರು. ಈಗಲೂ ಕೂತಲ್ಲೇ ಬಲಗಾಲು ಬ್ರೇಕು ಒತ್ತುವ ಹಾಗೆ ಆಗಾಗ ಅದುಮುತ್ತಿತ್ತು. ಅವನು ಪಕ್ಕದ ಕುರ್ಚಿ ಎಳೆದುಕೊಂಡ.

"ಅಪ್ಪಾ, ಎಷ್ಟು ಕಲಿಸಿದ್ರೂ ಗಾಡಿ ಬರದೇ ಇರೋರು ಇರ್ತಿದ್ರಲ್ಲ. ಅವರಿಗೆ ಏನು ಹೇಳ್ತಿದ್ದೆ?"

"ಇನ್ನೊಂದು ವಾರ ಬನ್ನಿ ಅಂತಿದ್ದೆ."

"ಆಗಲೂ ಬರದಿದ್ರೆ?"

"ಮತ್ತೊಂದು ವಾರ." ಅಪ್ಪ ಪೇಪರು ಮಡಚಿದರು. "ಬಾಯಿ ಬಿಟ್ಟು ಹೇಳಿದ್ದು ಒಬ್ಬಳಿಗೇ ಕಣೋ. ಬ್ಯಾಂಕಿನಲ್ಲಿದ್ಲು. ಒಳ್ಳೆ ಹೆಂಗಸು, ಒಂದು ದಿನ ತಪ್ಪಿಸಿದವಳಲ್ಲ. ಅಮ್ಮಾ, ನಿಮಗೆ ಇದು ಹಿಡಿಯಲ್ಲ, ಬಸ್ಸಿನಲ್ಲೇ ಓಡಾಡಿ ಅಂದೆ. ಅಲ್ಲೇ ಇಳಿದು ಹೋದ್ಲು. ಆಮೇಲೆ ಎಲ್ಲಿ ಸಿಕ್ಕಿದ್ರೂ ಮುಖ ತಿರುಗಿಸೋಳು."

"ಇದ್ದಿದ್ದು ಹೇಳಿದ್ದಕ್ಕೆ?"

"ಇದ್ದಿದ್ದು ಹೇಳಿದ್ದಕ್ಕೇ." ಮಗನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. "ಯಾಕೆ? ಯಾರಿಗೆ ಬರಲ್ಲ ಅಂದ್ರು?"

"ನನಗೆ."

ಅಪ್ಪ ಮಡಚಿದ ಪೇಪರನ್ನು ಇನ್ನೊಮ್ಮೆ ಮಡಚಿದರು, ಮತ್ತೂ ಒಮ್ಮೆ. ಅದು ಅಂಗೈಯಷ್ಟಾಯಿತು. ಆಮೇಲೆ ಕೈ ಚಾಚಿ ಮಗನ ಬಲಗೈಯನ್ನು ಹಿಡಿದು, ತಿರುಗಿಸಿ, ಬೆರಳುಗಳನ್ನು ನೋಡಿದರು. ಚಿಕ್ಕಂದಿನಲ್ಲಿ ಉಗುರು ಕತ್ತರಿಸುವ ಮೊದಲು ನೋಡುತ್ತಿದ್ದ ಹಾಗೆ.

"ಚೆನ್ನಾಗೇ ಇದೆಯಲ್ಲೋ," ಎಂದರು.

ಭಾನುವಾರದವರೆಗೂ ಅವನು ಎಂದಿನಂತೆ ಕೆಲಸಕ್ಕೆ ಹೋದ. ಹನ್ನೊಂದು ದಿನದ ಮಗುವಿಗೆ ಈಗ ಹದಿನಾಲ್ಕು ದಿನ; ಹಾಲು ಕುಡಿಯತೊಡಗಿತ್ತು. ಅದರ ತಾಯಿ ಅವನನ್ನು ನೋಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. "ನೀವೇ ಅಲ್ವಾ ಸಾರ್ ಮಾಡಿದ್ದು?" ಎಂದು ಒಮ್ಮೆ ಕೇಳಿದಳು. ನಾನಲ್ಲ ಎಂದು ಅವನು ಗುಬ್ಬಿಯ ಕಡೆ ಕೈ ತೋರಿಸಿದ. ತಾಯಿ ಗುಬ್ಬಿಯ ಎತ್ತರ ನೋಡಿ, ಇವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕಳು. ಗುಬ್ಬಿ ನಗಲಿಲ್ಲ. ಮೇಡಂ ಅವನಿಗೆ ಹೇಳಿದ್ದು ಅವಳಿಗೆ ಗೊತ್ತಾಗಿತ್ತು. ವಾರ್ಡಿನ ಕೊನೆಯವರೆಗೆ ಪಕ್ಕದಲ್ಲೇ ನಡೆದು, "ಅಣ್ಣಾ, ನೀವು ಹೇಳಿಕೊಟ್ಟಿದ್ದೇ ನಾನು ಮಾಡೋದು," ಎಂದಳು. ಅದು ನಿಜವಾಗಿತ್ತು. ದಾರವನ್ನು ಯಾವ ಕೋನದಲ್ಲಿ ಎತ್ತಬೇಕೆಂದು ಮೊದಲ ವಾರ ಅವಳಿಗೆ ಹೇಳಿಕೊಟ್ಟವನು ಅವನೇ.

"ಹ್ಞೂಂ," ಎಂದ ಅವನು. "ಚೆನ್ನಾಗಿ ಮಾಡ್ತೀಯ." ಊರಿನ ಆ ಕೋಣೆಗೆ ನೀನು ಹೋಗುತ್ತೀಯಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳನ್ನು ಮೇಡಂ ತಮ್ಮ ಜಾಗಕ್ಕೇ ಇಟ್ಟುಕೊಳ್ಳುತ್ತಾರೆಂದು ಆಸ್ಪತ್ರೆಯ ಕಸ ಗುಡಿಸುವವರಿಗೂ ಗೊತ್ತಿತ್ತು. ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. ಹೆಂಡತಿ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

"ಕೇಳಿಸ್ತಿದೆಯೇನೋ?" ಹಿರಿಯ ಡಾಕ್ಟರು ಎತ್ತರದ ದನಿಯಲ್ಲಿ ಮಾತಾಡುತ್ತಿದ್ದರು. ಹಿಂದೆ ಡ್ರಿಲ್ಲಿನ ಸದ್ದು. "ನಿನ್ನ ಕೋಣೇಲೇ ನಿಂತಿದೀನಿ. ದೀಪ ಬಂತು. ಇವತ್ತು ತೂಗಿಹಾಕ್ತಿದಾರೆ. ನಿನ್ನ ಎತ್ತರ ಎಷ್ಟು? ಮೇಜು ಅದಕ್ಕೆ ಸರಿಯಾಗಿ ನಿಲ್ಲಿಸ್ತೀವಿ."

"ಸಾರ್, ನಾನು ಬರ್ತಿಲ್ಲ."

"ಯಾವಾಗ?"

"ಬರೋದೇ ಇಲ್ಲ ಸಾರ್."

ಆ ಕಡೆ ಡ್ರಿಲ್ಲಿನ ಸದ್ದು ನಿಂತಿತು.

"ದೊಡ್ಡ ಆಸ್ಪತ್ರೆ ಕಡೆಯಿಂದ ಕರೆದ್ರೇನು?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೋಗಪ್ಪ. ಎಲ್ಲಾರೂ ಹೋಗೋದೇ."

ಹೌದು ಎಂದುಬಿಟ್ಟರೆ ಅಲ್ಲಿಗೇ ಮುಗಿಯುತ್ತಿತ್ತು. ಊರಿನವರು ನಾಲ್ಕು ದಿನ ಬಯ್ದು ಮರೆಯುತ್ತಿದ್ದರು. ಅವನು ಕಿಟಕಿಯ ಸರಳನ್ನು ಹಿಡಿದುಕೊಂಡ.

"ಇಲ್ಲ ಸಾರ್. ನನಗೆ ಆ ಕೆಲಸ ಬರಲ್ಲ."

"ಎರಡು ವರ್ಷ ಕಲಿತಿದೀಯಲ್ಲೋ."

"ಕಲಿತೆ. ಬರಲಿಲ್ಲ."

"ಸ್ವಲ್ಪವೂ ಬರಲಿಲ್ವಾ?"

"ಸ್ವಲ್ಪ ಬರುತ್ತೆ."

"ಸ್ವಲ್ಪ ಬಂದ್ರೂ ಸಾಕು ಮಗಾ," ಎಂದರು ಹಿರಿಯ ಡಾಕ್ಟರು. ಈಗ ದನಿ ಇಳಿದಿತ್ತು, ಪಕ್ಕದವರಿಗೆ ಕೇಳಬಾರದು ಎಂಬಂತೆ. "ಇಲ್ಲಿ ಏನೂ ಇಲ್ಲ. ನಿನಗೆ ಗೊತ್ತಲ್ಲ, ಏನೂ ಇಲ್ಲ. ಬುಧವಾರ ಒಂದನ್ನ ಕಳಿಸಿದ್ದೆ. ಬಂತಾ ಅಲ್ಲಿಗೆ?"

ಬಂದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಸ್ವಲ್ಪ ಬಂದ್ರೆ ಸಾಲದು ಸಾರ್ ಅದು," ಎಂದ ಅವನು.

ಹಿರಿಯ ಡಾಕ್ಟರು "ಸರಿ" ಎಂದರು. ಮತ್ತೊಮ್ಮೆ "ಸರಿ ಸರಿ" ಎಂದರು. ಅಪ್ಪನ ಮಂಡಿನೋವು ಹೇಗಿದೆ, ಮಗಳು ಈಗ ಎಷ್ಟನೇ ಕ್ಲಾಸು ಎಂದು ಕೇಳಿದರು. ಅವನು ಹೇಳಿದ. ಆಮೇಲೆ ಮಾತು ನಿಂತಿತು, ಆದರೆ ಫೋನು ಇಡುವುದನ್ನು ಅವರು ಮರೆತಿದ್ದರು. ಅವನೂ ಇಡಲಿಲ್ಲ. ಯಾರೋ ಏಣಿ ಎಳೆದರು. ಇನ್ನೊಂದು ಚೂರು ಎಡಕ್ಕೆ, ಇನ್ನೊಂದು ಚೂರು, ಹಾಂ ಅಲ್ಲೇ ಎಂದು ಒಬ್ಬ ಕೂಗಿದ. ಡ್ರಿಲ್ಲು ಮತ್ತೆ ಶುರುವಾಯಿತು. ಅದು ನಡುನಡುವೆ ನಿಂತಾಗ ಚಾವಣಿಯಿಂದ ಗಾರೆಯ ಪುಡಿ ನೆಲಕ್ಕೆ ಉದುರುವುದೂ ಕೇಳಿಸಿತು. ಹಿರಿಯ ಡಾಕ್ಟರು ಅಲ್ಲೇ ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು. ಕೆಲಸ ನಿಲ್ಲಿಸಿ ಎಂದು ಅವರು ಹೇಳಲಿಲ್ಲ.